ಮಧ್ಯದ ಆಯ್ಕೆ

ಸಂಸ್ಥೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಅಲ್ಪವಿರಾಮ ಎಂದು. ಅವನು ಬರೆದ ವಾಕ್ಯ ಎಲ್ಲೂ ನಿಲ್ಲುತ್ತಿರಲಿಲ್ಲ. ಅವನ ಬಡ್ತಿ ಮಾತ್ರ ನಿಂತಲ್ಲೇ ನಿಂತಿತ್ತು. ಸರ್ಕಾರಕ್ಕೆ ಯಾವ ಕಾನೂನು ಹೇಗಿರಬೇಕೆಂದು ಸಲಹೆ ಬರೆದುಕೊಡುವುದು ಸಂಸ್ಥೆಯ ಕಸುಬು. ಚಿಂತನೆ ನಮ್ಮದು, ಚಿಂತೆ ಊರಿನವರದು ಎಂದು ಅವನು ಸೇರಿದ ಹೊಸತರಲ್ಲಿ ತಮಾಷೆ ಮಾಡುತ್ತಿದ್ದ. ಈಗೀಗ ಅದು ತಮಾಷೆಯಂತೆ ಕೇಳಿಸದೆ ಬಾಗಿಲಿಗೆ ತೂಗುಹಾಕುವ ಬೋರ್ಡಿನಂತೆ ಕೇಳಿಸುತ್ತಿತ್ತು.

ಅಲ್ಲೊಂದು ಪದ್ಧತಿ. ವರದಿ ಯಾವುದೇ ಇರಲಿ, ಕೊನೆಯಲ್ಲಿ ಮೂರು ಆಯ್ಕೆ ಇರಬೇಕು. ಮೊದಲನೆಯದು ಏನೂ ಮಾಡದೆ ಕೂರುವುದಕ್ಕೆ ಹತ್ತಿರದ್ದು. ಮೂರನೆಯದು ಬೆದರುಬೊಂಬೆ, ಅಧಿಕಾರಿಗಳು ಹೆದರಿ ಹಿಂದೆ ಸರಿಯಲೆಂದೇ ನಿಲ್ಲಿಸಿದ್ದು. ಸರಿದವರು ನೇರ ಮಧ್ಯದ್ದರ ಮೇಲೆ ಬಂದು ಕೂರುತ್ತಾರೆ. ವರದಿ ಹೊರಡುವ ಮುಂಚೆ ತಾಲೀಮು ಬೇರೆ. ಅದರಲ್ಲಿ ಮಿಮಿಕ್ರಿಯಲ್ಲಿ ಎತ್ತಿದ ಕೈಯಾದ ಅಲ್ಪವಿರಾಮನದೇ ಇಲಾಖೆಯ ಕಾರ್ಯದರ್ಶಿಯ ಪಾತ್ರ. ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, "ಸಮತೋಲನ ಬೇಕು ನೋಡಿ" ಎಂದು ರಾಗವೆಳೆದು ಅವನು ಮಧ್ಯದ್ದಕ್ಕೆ ಬೆರಳಿಟ್ಟರೆ ವರದಿ ಪಾಸು.

ಈ ಸಲದ ವರದಿ ವಾರ್ಡ್ ಸಭೆಗಳದ್ದು. ಅವನ ಅಕ್ಕ ಟೈಲರ್. ಅವಳ ಅಂಗಡಿಯ ಮುಂದಿನ ಚರಂಡಿಯನ್ನು ಗುತ್ತಿಗೆದಾರ ಅಗೆದದ್ದೇ ಅಗೆದದ್ದು. ಕೊನೆಯ ಸಲ ಅಗೆದು ಮುಚ್ಚದೆ ಹೋಗಿದ್ದರಿಂದ ಅಳತೆ ಕೊಡಲು ಬರುವವರು ಹಲಗೆಯ ಮೇಲೆ ಜೋಲಿ ಹೊಡೆಯುತ್ತ ದಾಟಬೇಕಿತ್ತು. ಬೀದಿಯವರು ಸಭೆ ಸೇರಿ ಕೈ ಎತ್ತಿ ಒಪ್ಪಿದರಷ್ಟೇ ಬೀದಿಯಲ್ಲಿ ಗುದ್ದಲಿ ಬೀಳಬೇಕು, ಹಾಗೆಂದು ಕಾನೂನೇ ಆಗಬೇಕು ಎಂದು ಅವಳ ಹಟ. ಅದಕ್ಕಾಗಿ ಮನೆಮನೆ ಅಲೆದಿದ್ದಳು. ಬಾಗಿಲು ಹಾಕಿಕೊಂಡವರ ಮನೆಗೂ ಮತ್ತೆ ಮತ್ತೆ ಹೋಗಿದ್ದಳು. ಆ ಕಾನೂನಿನ ಸಲಹೆ ತಮ್ಮನ ಮೇಜಿಗೇ ಬಂದಿದೆ ಎಂದು ತಿಳಿದಾಗ, ಅಷ್ಟು ವರ್ಷದಲ್ಲಿ ಮೊದಲ ಸಲ, ಅವನ ಕೆಲಸ ಏನು ಎತ್ತ ಎಂದು ಕೂರಿಸಿಕೊಂಡು ಕೇಳಿದ್ದಳು.

ಅವನು ಅವಳ ಬೇಡಿಕೆಯನ್ನು ಜೋಪಾನವಾಗಿ ಮಧ್ಯದಲ್ಲಿಟ್ಟ. ಅದಕ್ಕೆ ಮೊದಲು, ವಾರ್ಡಿಗೊಂದು ಸಲಹಾ ಪೆಟ್ಟಿಗೆ. ಆಮೇಲೆ ಬೊಂಬೆ: ಪುರಸಭೆಯನ್ನೇ ಎತ್ತಿಹಾಕಿ ಎಲ್ಲವನ್ನೂ ಸಭೆಗೆ ಒಪ್ಪಿಸುವುದು. ತಾಲೀಮಿನಲ್ಲಿ ಕಾರ್ಯದರ್ಶಿಯಾಗಿ ರಾಗವನ್ನು ಇನ್ನಷ್ಟು ಎಳೆದು ಅದರ ಮೇಲೆ ಬೆರಳಿಟ್ಟ. ಎಲ್ಲರೂ ನಕ್ಕರು.

ನಿರ್ದೇಶಕರಿಗೆ ಬೊಂಬೆ ಹಿಡಿಸಲಿಲ್ಲ. ದೇಣಿಗೆ ಕೊಡುವವರು ಇದನ್ನೋದಿ ನಮಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ, ತೆಗೆಯಿರಿ ಎಂದರು. ತೆಗೆದರೆ ಎರಡೇ ಉಳಿಯಿತು, ಮೂರು ಇರಲೇಬೇಕು. ಪೆಟ್ಟಿಗೆಯ ನಂತರ ತಾವೇ ಒಂದನ್ನು ಸೇರಿಸಿದರು: ಸಭೆಯ ಬದಲು, ತಜ್ಞ ಸಂಸ್ಥೆಯೊಂದು ಜನರ ಅಭಿಪ್ರಾಯ ಸಂಗ್ರಹಿಸಿ ಇಲಾಖೆಗೆ ಕೊಡುವುದು.

ಅಕ್ಕನ ಬೇಡಿಕೆ ಈಗ ಬೆದರುಬೊಂಬೆಯ ಜಾಗದಲ್ಲಿ ನಿಂತಿತ್ತು.

"ಸರ್, ಮಧ್ಯ ಬದಲಾಗಿಬಿಡ್ತು" ಎಂದ ಅಲ್ಪವಿರಾಮ.

"ನಾವೇನು ಆರಿಸ್ತೀವೇನ್ರೀ? ಆರಿಸೋರು ಅವರು. ನಿಮ್ಮದನ್ನ ಯಾರೂ ಹೊಡೆದುಹಾಕಿಲ್ವಲ್ಲ, ಅಲ್ಲೇ ಇದೆ."

ಅಲ್ಲೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ಇಂಥ ಜಗಳಗಳನ್ನು ಅವನು ಬೇಕಾದಷ್ಟು ಆಡಿದ್ದ. ಗೆದ್ದದ್ದು ಯಾವುದೆಂದು ನೆನಪಾಗಲಿಲ್ಲ. ತಲೆನೋವಿನ ನೆಪ ಹೇಳಿ ಸೀಟಿಗೆ ಹೋಗಿ ಕೂತ. ಎರಡನೇ ತಾಲೀಮು ಯಾರಿಗೂ ಬೇಕಾಗಲಿಲ್ಲ.

ನಿಜವಾದ ಕಾರ್ಯದರ್ಶಿ ಅಲ್ಪವಿರಾಮನ ಕಾರ್ಯದರ್ಶಿಯನ್ನು ಚೂರೂ ಮೀರಲಿಲ್ಲ. ಮಧ್ಯದ್ದೇ ಆಯಿತು. ಅಭಿಪ್ರಾಯ ಸಂಗ್ರಹಿಸುವ ತಜ್ಞ ಸಂಸ್ಥೆಯೂ ಇವರದ್ದೇ ಆಯಿತು. ಆಫೀಸಿನಲ್ಲಿ ಕೇಕು ಕತ್ತರಿಸಿ, ಇದು ಪ್ರಜಾಪ್ರಭುತ್ವದ ಗೆಲುವು ಎಂದು ನಿರ್ದೇಶಕರು ಭಾಷಣ ಮಾಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದರು. ಅವನಿಗೆ ಸುಸ್ತಾದದ್ದು ಅದಕ್ಕೇ.

ಹೀಗೆ ಒಂದು ಸಂಜೆ ಅಭಿಪ್ರಾಯ ಸಂಗ್ರಹಕ್ಕೆಂದು ಅವನೇ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಹಲಗೆ ದಾಟಿ ಅಕ್ಕನ ಅಂಗಡಿಗೆ ಬಂದ. ಅವಳು ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದ್ದಳು. ಕಾನೂನು ಇರಲಿ ಬಿಡಲಿ, ಬೀದಿಯವರು ಸೇರುವ ದಿನ ಅದು. ಏಳೆಂಟು ಜನ ಆಗಲೇ ಕೂತಿದ್ದರು. ಅವನು ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದ, ಮೂರು ಆಯ್ಕೆಯ ಗುಟ್ಟನ್ನೂ. ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

"ಬೇಡ ಅಂತ ನೀನು ಹೇಳಿದ್ಯಾ?"

"ಹೇಳ್ದೆ ಅಕ್ಕಾ."

"ಎಷ್ಟು ಸಲ?"

ಅವನು ತಲೆ ತಗ್ಗಿಸಿದ. "ಒಂದ್ಸಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರಕ್ಕೆ ಗಂಟು ಹಾಕಿ, "ಸರಿ, ನಿನ್ನ ಕೆಲಸ ಮುಗಿಸ್ಕೋ" ಎಂದಳು.

ಬೀದಿಯ ಕಾಮಗಾರಿಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಅವನು ಓದಿದ. ತೃಪ್ತಿ, ಸಾಧಾರಣ, ಅತೃಪ್ತಿ.

"ಸಾಧಾರಣ ಅಂತ ಒತ್ತು."

"ಅಕ್ಕಾ, ಬಾಗಿಲಲ್ಲೇ ಗುಂಡಿ ಇದೆ."

"ಮೂರನೇದು ಒತ್ತಿದ್ರೆ ಹೆದರ್ಕೊಳ್ತಾರೆ ಅಂತ ಈಗ ತಾನೇ ನೀನೇ ಹೇಳಿದ್ಯಲ್ಲೋ. ಮಧ್ಯದ್ದಾದ್ರೆ ಕಣ್ಣಿಗಾದ್ರೂ ಬೀಳುತ್ತೆ."

ಅವನು ಒತ್ತಿದ. ನಿಮ್ಮ ಧ್ವನಿ ನಮಗೆ ಅಮೂಲ್ಯ, ಧನ್ಯವಾದಗಳು ಎಂದು ಟ್ಯಾಬ್ಲೆಟ್ ಉಲಿಯಿತು. ಅಕ್ಕ ಕತ್ತು ಓರೆ ಮಾಡಿ ಅದೇ ದನಿಯಲ್ಲಿ, ಅದೇ ಸಕ್ಕರೆಯಲ್ಲಿ, ಆ ಮಾತನ್ನು ಚಾಪೆಯ ಮೇಲಿದ್ದವರಿಗೆ ಒಪ್ಪಿಸಿದಳು. ಎಲ್ಲರೂ ನಕ್ಕರು. ಮಿಮಿಕ್ರಿಯನ್ನು ತಾನು ಚಿಕ್ಕವನಿದ್ದಾಗ ಕಲಿತದ್ದು ಯಾರಿಂದ ಎಂಬುದು ಅವನಿಗೆ ನೆನಪಾಯಿತು.

ಆಮೇಲೆ ಚರಂಡಿಯ ಮಾತು ಶುರುವಾಯಿತು. ಮತ್ತೆ ಅಗೆಯುವುದು ಬೇಡ, ಮೊದಲು ಮುಚ್ಚಲಿ ಎನ್ನುವವರು ಕೈ ಎತ್ತಿ ಎಂದಳು ಅಕ್ಕ. ಕೈಗಳು ಎದ್ದವು. ಅಲ್ಪವಿರಾಮನ ಕೈಯೂ ಅರ್ಧಕ್ಕೆ ಎದ್ದಿತು.

"ನೀನು ಇಳಿಸೋ. ನೀನು ಈ ಬೀದಿಯವನಲ್ಲ" ಎಂದು, ಅವಳು ಉಳಿದವರನ್ನು ಎಣಿಸತೊಡಗಿದಳು.