ಎಲ್ಲರಿಗೂ ಒಂದೇ ನಿಯಮ

ಸ್ಟೆಲ್ಲಾನ್ ಮೊಣಕಾಲೂರಿ ಕೂತು ಒಂದು ಪುಟ್ಟ ಬೂಟಿನೊಳಗಿನ ಹಿಮ ಕೊಡವುತ್ತಿದ್ದ. ಆಗ ಪೆರ್ನಿಲ್ಲಾ ಬಂದು ಪಡಸಾಲೆಯ ಗೋಡೆಗೆ ಅಂಟಿಸಿದ್ದ ಹಾಳೆಯೊಂದನ್ನು ಮೆಲ್ಲಗೆ ಬಿಡಿಸಿ, ಎರಡಾಗಿ ಮಡಚಿ, ಸ್ವೆಟರಿನ ಜೇಬಿಗೆ ಸೇರಿಸಿದಳು.

"ಅದು ಬೇಗಿಮಾಯ್ ಬರೆದದ್ದಲ್ವಾ? ಮೊನ್ನೆ ತಾನೇ ಅಂಟಿಸಿದ್ವಿ," ಅಂದ ಅವನು.

"ಹೂಂ. ಎರಡು ಗಂಟೆಗೆ ನನ್ನ ಕೋಣೆ ಕಡೆ ಬರ್ತೀಯಾ? ಗಾಬರಿಪಡೋಂಥದ್ದೇನಿಲ್ಲ."

ಗಾಬರಿಪಡುವಂಥದ್ದೇನಿಲ್ಲ ಎಂದು ಸ್ವೀಡನ್ನಿನಲ್ಲಿ ಯಾರಾದರೂ ಮೆತ್ತಗೆ ಹೇಳಿದರೆ, ಒಂದು ಕುರ್ಚಿ ಹುಡುಕಿಕೊಂಡು ಕೂತುಬಿಡುವುದೇ ವಾಸಿ. ಪೆರ್ನಿಲ್ಲಾ ಆ ಶಿಶುವಿಹಾರದ ಮುಖ್ಯಸ್ಥೆ, ವಯಸ್ಸಿನಲ್ಲಿ ಸ್ಟೆಲ್ಲಾನ್‌ಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ದನಿ ಏರಿದ್ದನ್ನು ಕೇಳಿದವರಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡುವವಳು. ಒಳ್ಳೆಯವಳು ಕೂಡ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಎದುರು ನಿಂತು ನಾಲ್ಕು ಮಾತಾಡಬಹುದು.

ಹಾಳೆ ಬರೆದವಳು ಕಿರ್ಗಿಸ್ತಾನದ ಓಶ್ ಪಟ್ಟಣದ ಹುಡುಗಿ. ಶಿಕ್ಷಕಿಯಾಗಲು ಓದುತ್ತಿದ್ದವಳು, ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಅವಧಿಗೆ ಬಂದಿದ್ದಳು. ಮಕ್ಕಳನ್ನು ಗಮನಿಸಿ ಬರೆಯುವುದು ಅವಳ ಪಾಠದ ಭಾಗ. ಆದರೆ ಅವಳ ಕಣ್ಣು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರ ಮೇಲೇ ಇರುತ್ತಿತ್ತು. ಕಾಫಿ ಹೊತ್ತಿನಲ್ಲಿ ತನ್ನ ನೋಟ್‌ಬುಕ್ ತೆಗೆದು ಸ್ಟೆಲ್ಲಾನ್‌ಗೆ ಓದಿ ಹೇಳುತ್ತಿದ್ದಳು. 'ಹಿಮ ಗೋರುವ ದೊಡ್ಡ ಗಾಡಿ ಓಡಿಸುವವಳು ಹೆಂಗಸು, ಕಿವಿಯಲ್ಲಿ ಮುತ್ತಿನ ಓಲೆ. ಗಂಡಸರು ಒಂದು ಕೈಯಲ್ಲಿ ಮಗುವಿನ ಗಾಡಿ ತಳ್ಳುತ್ತ ಇನ್ನೊಂದರಲ್ಲಿ ಕಾಫಿ ಕುಡಿಯುತ್ತಾರೆ, ಯಾರೂ ನಗುವುದಿಲ್ಲ. ನಾನಿರುವ ಮನೆಯಲ್ಲಿ ಅಡುಗೆ ಮಾಡಿದವರು ಪಾತ್ರೆ ತೊಳೆಯುವ ಹಾಗಿಲ್ಲ. ಗಂಡುಮಗು ಅತ್ತರೆ ಹೆಣ್ಣಾ ನೀನು ಅಂತ ಕೇಳುವವರಿಲ್ಲ.'

"ಅಗಾಯ್, ನೀವು ಈ ಕೆಲಸಕ್ಕೆ ಸೇರಿದಾಗ ನಿಮ್ಮಮ್ಮ ಏನೂ ಅನ್ಲಿಲ್ವಾ?" ಅಂತ ಒಮ್ಮೆ ಕೇಳಿದ್ದಳು. ಅಗಾಯ್ ಅಂದರೆ ಅವಳ ಭಾಷೆಯಲ್ಲಿ ಮೇಷ್ಟ್ರು. ಇಲ್ಲಿ ಮಂತ್ರಿಗೂ ನೀನು, ಮಗುವಿಗೂ ನೀನು. ಆದರೆ ಐವತ್ತಮೂರರ ಗಂಡಸನ್ನು ನೀನು ಅನ್ನಲು ಅವಳ ನಾಲಗೆ ಏಳಲೊಲ್ಲದು.

"ಅಂದ್ಳು. ಹೋಗ್ಲಿ ಬಿಡು, ಒಳಗಡೆ ಕೂತು ಮಾಡೋ ಕೆಲಸ, ಚಳಿ ಹತ್ತಲ್ಲ ಅಂದ್ಳು."

ಅವನು ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಆಗ ಊರಾಡಳಿತದವರು ಅವನ ಫೋಟೋ ಹಾಕಿ ಒಂದು ಹಾಳೆ ಅಚ್ಚು ಹಾಕಿಸಿದ್ದರು: ಹೆಗಲ ಮೇಲೆ ಒಂದು ಮಗು, ಕೆಳಗೆ 'ಗಂಡಸರೂ ಬನ್ನಿ' ಎಂಬ ಕರೆ. ಬಂದವರು ಇಬ್ಬರು. ಒಬ್ಬ ಎರಡು ವರ್ಷಕ್ಕೆ ಬಿಟ್ಟ, ಇನ್ನೊಬ್ಬ ಬಡಗಿಯಾದ. ಹನ್ನೊಂದು ಜನ ಹೆಂಗಸರ ನಡುವೆ ಸ್ಟೆಲ್ಲಾನ್ ಒಬ್ಬನೇ ಉಳಿದಿದ್ದ. ಉಳಿದದ್ದಕ್ಕೆ ಅವನಿಗೆ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಬೇಕು.

ಎರಡು ಗಂಟೆಗೆ ಪೆರ್ನಿಲ್ಲಾ ಕಾಫಿ ಬಗ್ಗಿಸಿ, ಮಡಚಿದ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಇಷ್ಟೇ:

'ಮಧ್ಯಾಹ್ನ ಹನ್ನೆರಡೂವರೆ, ವಿಶ್ರಾಂತಿ ಕೋಣೆ. ಎರಡು ವರ್ಷದ ಆಲ್ವಾ ಅಳುತ್ತಾಳೆ. ಸ್ಟೆಲ್ಲಾನ್ ಬಾಗಿಲು ಮುಚ್ಚಿ ಪರದೆ ಎಳೆಯುತ್ತಾನೆ. ಮಗುವಿನ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಾನೆ. ಇಪ್ಪತ್ತೆರಡು ನಿಮಿಷ. ಮಗು ಮಲಗಿದ ಮೇಲೂ ಅವನು ಏಳುವುದಿಲ್ಲ. ದಿನವೂ ಹೀಗೇ, ಅವನಿಲ್ಲದೆ ಅವಳು ಮಲಗುವುದಿಲ್ಲ. ಗಂಡಸಿನ ಕೈ ಇಷ್ಟು ಮೆತ್ತಗಿರುವುದನ್ನು ನಾನು ನನ್ನ ಊರಿನಲ್ಲಿ ನೋಡಿಲ್ಲ. ಸಮಾನತೆ ಅಂದರೆ ಇದೇ ಇರಬೇಕು.'

"ಚೆನ್ನಾಗೇ ಬರೆದಿದಾಳಲ್ಲ," ಅಂದ ಸ್ಟೆಲ್ಲಾನ್.

"ತುಂಬ ಚೆನ್ನಾಗಿದೆ. ಅದನ್ನ ಓದಿ ಆಲ್ವಾಳ ಅಪ್ಪ ಒಂದು ಈಮೇಲ್ ಕಳಿಸಿದಾನೆ."

ಆಲ್ವಾಳ ಅಪ್ಪ ಲೀನಸ್, ಎರಡನೇ ಕೂಸನ್ನು ನೋಡಿಕೊಳ್ಳಲು ರಜೆ ಹಾಕಿ ಮನೆಯಲ್ಲಿದ್ದ. ಕೂಸನ್ನು ಎದೆಗೆ ಕಟ್ಟಿಕೊಂಡೇ ಆಲ್ವಾಳನ್ನು ಬಿಡಲು, ಕರೆದೊಯ್ಯಲು ಬರುತ್ತಿದ್ದ. ಬೇಗಿಮಾಯ್‌ಳ ನೋಟ್‌ಬುಕ್ಕಿನಲ್ಲಿ ಅವನಿಗೂ ಅರ್ಧ ಪುಟ ಸಿಕ್ಕಿತ್ತು. ಪೆರ್ನಿಲ್ಲಾ ಈಮೇಲ್ ಓದಿದಳು: "ನಮಗೆ ಸ್ಟೆಲ್ಲಾನ್ ಮೇಲೆ ಪೂರ್ತಿ ನಂಬಿಕೆಯಿದೆ. ಯಾರ ಮೇಲೂ ಆರೋಪವಿಲ್ಲ. ಆದರೂ ತಂದೆತಾಯಿಯಾಗಿ ಒಂದು ಮಾತು ಕೇಳಬೇಕು ಅನಿಸಿತು. ಬಾಗಿಲು ಯಾಕೆ ಮುಚ್ಚಬೇಕು? ದಿನವೂ ಅವನೇ ಯಾಕೆ?"

ಸ್ಟೆಲ್ಲಾನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಬಾಗಿಲು ತೆರೆದಿದ್ರೆ ಊಟದ ಮನೆ ಸದ್ದು ಬರುತ್ತೆ, ಪೆರ್ನಿಲ್ಲಾ. ಮಗು ಮಲಗಲ್ಲ. ಅದೂ ಅಲ್ದೆ ಆ ಹುಡುಗಿ ಅಲ್ಲೇ ಮೂಲೇಲಿ ಕೂತಿದ್ಲು, ಕೂತೇ ತಾನೇ ಇದನ್ನ ಬರೆದದ್ದು?"

"ಅವತ್ತು ಕೂತಿದ್ಲು," ಅಂದಳು ಪೆರ್ನಿಲ್ಲಾ. "ದಿನಾ ಕೂತಿರಲ್ಲ."

"ಮೊನಿಕಾನೂ ಮುಚ್ತಾಳೆ. ಎಲ್ಲರೂ ಮುಚ್ತಾರೆ."

"ಅದಕ್ಕೇ ನಾನು ಎಲ್ಲರಿಗೂ ಒಂದೇ ನಿಯಮ ಮಾಡ್ಬೇಕು ಅಂತಿರೋದು. ಮಲಗಿಸುವಾಗ, ಡೈಪರ್ ಬದಲಿಸುವಾಗ ಬಾಗಿಲು ತೆರೆದಿರಬೇಕು, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಬೇಕು. ನಿನಗೊಬ್ಬನಿಗೆ ಮಾಡಿದ್ರೆ ಅದು ತಾರತಮ್ಯ. ಅದಕ್ಕೆ ನಾನು ಪ್ರಾಣ ಹೋದ್ರೂ ಒಪ್ಪಲ್ಲ." ಅವಳ ಕಣ್ಣಲ್ಲಿ ನಿಜವಾದ ಕಕ್ಕುಲಾತಿಯಿತ್ತು. "ಇದು ನಿನಗೂ ರಕ್ಷಣೆ."

ರಕ್ಷಣೆ ಯಾವುದರಿಂದ ಅಂತ ಅವನು ಕೇಳಲಿಲ್ಲ. ಕೇಳಿದರೆ ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಒಮ್ಮೆ ಹೇಳಿದ ಮೇಲೆ ಅದು ಆ ಕೋಣೆಯಲ್ಲೇ ಉಳಿಯುತ್ತಿತ್ತು.

ಗುರುವಾರದ ಸಭೆಗೆ ಅವನು ಒಂದು ವಾಕ್ಯ ಸಿದ್ಧಮಾಡಿಕೊಂಡು ಹೋದ. 'ಈ ನಿಯಮ ನನಗಾಗಿ ಮಾಡಿದ್ದು, ಹಾಗಂತ ಹೇಳಿಯೇ ಮಾಡಿ.' ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಬಟಾಣಿ ಸಾರು ಕುಡಿಯುವಾಗ ಅದನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಿದ್ದ. ಸಭೆ ಅಂದರೆ ಅಲ್ಲಿ ಜಗಳವಲ್ಲ, ವಾದವೂ ಅಲ್ಲ. ಮೇಜಿನ ಸುತ್ತ ಒಬ್ಬೊಬ್ಬರೂ ತಮಗೆ ಏನನಿಸುತ್ತದೆ ಎಂದು ಹೇಳಬೇಕು. ಸರಿ ಅನಿಸುತ್ತೆ ಅಂದಳು ಒಬ್ಬಳು. ನನಗೂ ಸರಿ ಅನಿಸುತ್ತೆ, ಕೈ ಸ್ವಲ್ಪ ಸಾಲದಾಗಬಹುದು ಅಂದಳು ಇನ್ನೊಬ್ಬಳು. ಮಾತು ಅವನ ಹತ್ತಿರ ಹತ್ತಿರ ಬರುತ್ತಿದ್ದ ಹಾಗೆ ಅವನಿಗೆ ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನ್ನೊಂದು ಜನಕ್ಕೂ ನೋಯದ ನಿಯಮ ಇವನೊಬ್ಬನಿಗೆ ಯಾಕೆ ನೋಯುತ್ತದೆ ಅಂತ ಕೇಳಿದರೆ?

"ನನಗೂ ಸರಿ ಅನಿಸುತ್ತೆ," ಅಂದ ಸ್ಟೆಲ್ಲಾನ್.

ಪಕ್ಕದಲ್ಲಿ ಕೂತಿದ್ದ ಮೊನಿಕಾ ಅವನ ಕೈ ತಟ್ಟಿದಳು. ಅವನ ಜೊತೆ ಅತಿ ಹೆಚ್ಚು ವರ್ಷ ದುಡಿದವಳು ಅವಳೇ. "ನಿನ್ನ ಒಳ್ಳೇದಕ್ಕೇ ಕಣೋ," ಅಂತ ಪಿಸುಗುಟ್ಟಿದಳು. ಎಲ್ಲರಿಗೂ ಮಾಡಿದ ನಿಯಮ ಅವನೊಬ್ಬನ ಒಳ್ಳೆಯದಕ್ಕೆ ಹೇಗಾಯಿತು ಎನ್ನುವುದು ಪಾಪ ಅವಳಿಗೆ ಹೊಳೆಯಲೂ ಇಲ್ಲ.

ಮೂಲೆಯಲ್ಲಿ ಕೂತಿದ್ದ ಬೇಗಿಮಾಯ್ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. "ಇದು ನಾನು ಬರೆದದ್ದರಿಂದ ಆಯ್ತಾ?"

"ಛೇ, ಇಲ್ಲ ಬೇಗಿಮಾಯ್," ಅಂದಳು ಪೆರ್ನಿಲ್ಲಾ. "ನೀನು ಬರೆದದ್ದು ನಮ್ಮಲ್ಲಿ ಒಂದು ಒಳ್ಳೆ ಚರ್ಚೆ ಹುಟ್ಟಿಸ್ತು."

ಸಭೆ ಮುಗಿದ ಮೇಲೆ ಸ್ಟೆಲ್ಲಾನ್, ಬೇಗಿಮಾಯ್ ಇಬ್ಬರೂ ಅಂಗಳದಲ್ಲಿ ನಿಂತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮೂರು ಗಂಟೆಗೇ ಕತ್ತಲು ಕವಿದಿತ್ತು. ದೀಪದ ಕಂಬದಡಿ ಮಕ್ಕಳು ಹಿಮದ ದಿಬ್ಬದಿಂದ ಅಂಡಿನ ಮೇಲೆ ಜಾರುತ್ತಿದ್ದವು. ಬೇಗಿಮಾಯ್ ಅಳು ತಡೆದುಕೊಂಡಿದ್ದಳು, ಮೂಗು ಕೆಂಪಾಗಿತ್ತು.

"ನಾನು ಆ ಲೀನಸ್ ಹತ್ರ ಹೋಗಿ ಮಾತಾಡ್ತೀನಿ, ಅಗಾಯ್."

"ಏನಂತ?"

"ನೀವು ಒಳ್ಳೆಯವರು ಅಂತ."

"ಇಪ್ಪತ್ತೇಳು ವರ್ಷ ಆದ್ಮೇಲೆ ನನ್ನನ್ನ ಒಳ್ಳೆಯವನು ಅಂತ ಇನ್ನೊಬ್ರು ಹೇಳ್ಬೇಕಾ? ಅಲ್ಲಿಗೆ ಮುಗೀತು ಬಿಡು."

ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. "ನಮ್ಮೂರಲ್ಲಾಗಿದ್ರೆ ನಿಮ್ಮನ್ನ ನೋಡಿ ನಗ್ತಿದ್ರು. ಡೈಪರ್ ತೊಳೆಯೋ ಗಂಡಸು ಅಂತ ಹಾಡು ಕಟ್ತಿದ್ರು. ಅಷ್ಟೇ."

"ನಗೋದು ವಾಸಿ," ಅಂದ ಸ್ಟೆಲ್ಲಾನ್. "ನಕ್ಕರೆ ವಾಪಸು ಬೈಬಹುದು."

ಆಮೇಲೆ ಲೀನಸ್ ಬಂದ. ಎದೆಯ ಮೇಲೆ ಕೂಸು ನಿದ್ದೆಹೋಗಿತ್ತು. ಗೇಟಿನ ಬಳಿ ಕೈಗವಸು ಕಳಚಿ ಸ್ಟೆಲ್ಲಾನ್‌ನ ಕೈ ಕುಲುಕಿದ. "ಅರ್ಥಮಾಡಿಕೊಂಡದ್ದಕ್ಕೆ ಥ್ಯಾಂಕ್ಸ್. ಇದು ನಿನ್ನ ಬಗ್ಗೆ ಅಲ್ಲ, ಗೊತ್ತಲ್ಲ?"

"ಗೊತ್ತು," ಅಂದ ಸ್ಟೆಲ್ಲಾನ್. ಅವನಿಗೆ ಆ ಮನುಷ್ಯನನ್ನು ದ್ವೇಷಿಸಬೇಕು ಅನಿಸಿತು. ಆದರೆ ಲೀನಸ್ ಬಗ್ಗಿ ಮಗಳ ಟೋಪಿಯ ದಾರ ಕಟ್ಟುತ್ತಿದ್ದ, ಚೆನ್ನಾಗಿ ಕಟ್ಟುತ್ತಿದ್ದ. ಅದೂ ಆಗಲಿಲ್ಲ.

ಕೆಲಸ ಬಿಟ್ಟುಬಿಡುವುದನ್ನು ಯೋಚಿಸದೆ ಇರಲಿಲ್ಲ. ಊರಾಡಳಿತದ ಉಗ್ರಾಣದಲ್ಲಿ ಒಂದು ಜಾಗ ಖಾಲಿಯಿತ್ತು, ಅರ್ಜಿಯನ್ನೂ ತುಂಬಿದ. ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಎಂಬ ಸಾಲಿಗೆ ಬಂದು ನಿಂತುಕೊಂಡ. ಇಷ್ಟು ವರ್ಷ ಇದ್ದವನು ಈ ನಿಯಮ ಬಂದ ವಾರವೇ ಎದ್ದುಹೋದರೆ ಊರು ಏನನ್ನುತ್ತದೆ? ಚಿಕ್ಕ ಊರು, ಮಾತು ಹಬ್ಬಲು ಹೊತ್ತು ಬೇಕಿಲ್ಲ. ಇರುವ ಹಾಗೂ ಇಲ್ಲ, ಹೋಗುವ ಹಾಗೂ ಇಲ್ಲ. ಅರ್ಜಿಯನ್ನು ಹಾಗೇ ಅಳಿಸಿಹಾಕಿದ.

ಮುಂದಿನ ವಾರದಿಂದ ಅವನಿಗೊಂದು ಅಭ್ಯಾಸವಾಯಿತು. ಡೈಪರ್ ಕೋಣೆಗೆ ಹೋಗುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ, "ನಾನು ನೀಲ್ಸ್‌ನ ಕರ್ಕೊಂಡು ಹೋಗ್ತಿದೀನಿ, ಯಾರಾದ್ರೂ ಬರ್ತೀರಾ?" ಅಂತ ಕೂಗುತ್ತಿದ್ದ. ಯಾರಿಗೂ ಕೈ ಬಿಡುವಿರುತ್ತಿರಲಿಲ್ಲ. ನೀಲ್ಸ್ ಒದ್ದೆ ಡೈಪರಿನಲ್ಲಿ ಕಾಲಗಲಿಸಿಕೊಂಡು ಹತ್ತು ನಿಮಿಷ ನಿಂತಿರುತ್ತಿದ್ದ. ಮಿಕ್ಕವರು ಯಾರೂ ಕೂಗುತ್ತಿರಲಿಲ್ಲ, ಸುಮ್ಮನೆ ಹೋಗಿ ಬದಲಿಸಿಕೊಂಡು ಬರುತ್ತಿದ್ದರು. ಯಾರೂ ಬೇಕೆಂದು ನಿಯಮ ಮುರಿಯಲಿಲ್ಲ. ಅವರಿಗೆ ಅದು ನೆನಪಿಗೇ ಬರುತ್ತಿರಲಿಲ್ಲ.

ಆಲ್ವಾಳನ್ನು ಮಲಗಿಸುವುದನ್ನು ಅವನು ಮೊನಿಕಾಗೆ ಬಿಟ್ಟಿದ್ದ. ಮಂಗಳವಾರ ಮಧ್ಯಾಹ್ನ ಮಿಕ್ಕ ಮಕ್ಕಳೆಲ್ಲ ಮಲಗಿದ್ದರು. ಸ್ಟೆಲ್ಲಾನ್ ಊಟದ ಮನೆಯ ಮೇಜಿನಲ್ಲಿ ಸೇಬು ಹೆಚ್ಚಲು ಕೂತಿದ್ದ. ಬೇಗಿಮಾಯ್ ಎದುರಿಗಿದ್ದಳು, ನೋಟ್‌ಬುಕ್ ತೆರೆದಿತ್ತು, ಪುಟ ಖಾಲಿ. ವಿಶ್ರಾಂತಿ ಕೋಣೆಯಿಂದ ಆಲ್ವಾ ಹೊರಗೆ ಬಂದಳು. ಒಂದು ಕಾಲುಚೀಲ ಕಳಚಿಹೋಗಿತ್ತು, ಕಂಬಳಿ ನೆಲದ ಮೇಲೆ ತೆವಳುತ್ತ ಬರುತ್ತಿತ್ತು. ಅತ್ತೂ ಅತ್ತೂ ಮುಖ ಊದಿತ್ತು. ನೆಟ್ಟಗೆ ಸ್ಟೆಲ್ಲಾನ್‌ನ ಮುಂದೆ ಬಂದು ನಿಂತು ಎರಡೂ ಕೈ ಮೇಲೆತ್ತಿದಳು.

"ಎತ್ಕೋ."

ಸ್ಟೆಲ್ಲಾನ್ ಸುತ್ತ ನೋಡಿದ. ಕಿಟಕಿ, ಪಡಸಾಲೆ, ಅಡುಗೆಮನೆಯ ಬಾಗಿಲು. ಎತ್ತಿಕೊಳ್ಳಬಾರದು ಅಂತ ನಿಯಮದಲ್ಲಿ ಎಲ್ಲೂ ಇರಲಿಲ್ಲ. ಆದರೂ ನೋಡಿದ. ಮಗು ಕೈ ಚಾಚಿದಾಗ ಮಗುವನ್ನು ಬಿಟ್ಟು ಬೇರೆ ಕಡೆ ನೋಡಿದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು. ಕಳ್ಳ ನೋಡುವ ಹಾಗೆ ನೋಡಿದೆ ಎಂದು ಅವನಿಗೇ ಗೊತ್ತಾಗಿ, ಕಿವಿಯವರೆಗೂ ಬಿಸಿಯಾಯಿತು. ಎರಡೂ ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡ.

"ಮೊನಿಕಾ," ಅಂತ ಕರೆದ. "ಆಲ್ವಾ ಎದ್ದಿದಾಳೆ."

ಮೊನಿಕಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಬಾ ನನ್ನ ಬಂಗಾರ, ಬಾ," ಅಂತ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಆಲ್ವಾ ಅವಳ ಹೆಗಲ ಮೇಲಿಂದ ಸ್ಟೆಲ್ಲಾನ್‌ನ ಕಡೆಗೇ ಕೈ ಚಾಚಿ ಕಿರುಚುತ್ತಿದ್ದಳು. ಮೊನಿಕಾ ವಿಶ್ರಾಂತಿ ಕೋಣೆಯೊಳಗೆ ಹೋದಳು. ಹೋದವಳು, ಹಿಂದೆ ತಿರುಗದೆ, ಹಿಮ್ಮಡಿಯಿಂದ ಬಾಗಿಲು ನೂಕಿದಳು. ಅದು ಮೆಲ್ಲಗೆ ಮುಚ್ಚಿಕೊಂಡಿತು.

ಬೇಗಿಮಾಯ್ ಬಾಗಿಲನ್ನು ನೋಡಿದಳು. ಆಮೇಲೆ ಸ್ಟೆಲ್ಲಾನ್‌ನನ್ನು ನೋಡಿದಳು. ಕುರ್ಚಿ ಹಿಂದೆ ತಳ್ಳಿ ಎದ್ದಳು.

"ನಾನು ಹೋಗಿ ತೆರೀತೀನಿ, ಅಗಾಯ್."

"ಬೇಡ, ಕೂತ್ಕೋ," ಅಂದ ಸ್ಟೆಲ್ಲಾನ್. "ತೆರೆದಿದ್ರೆ ಅದಕ್ಕೆ ನಿದ್ದೆ ಬರಲ್ಲ."

ಒಳಗೆ ಮಗು ಅಳುತ್ತಲೇ ಇತ್ತು. ಅವನು ಇನ್ನೊಂದು ಸೇಬು ತೆಗೆದುಕೊಂಡು ನಾಲ್ಕು ಹೋಳು ಮಾಡಿ, ಬೀಜ ಬಿಡಿಸಿ, ತಟ್ಟೆಗೆ ಜೋಡಿಸಿದ.