ಹಡಗಿನ ಐದು ಗಂಟೆ

ಸೇಂಟ್ ಜಾರ್ಜಸ್ ಬಂದರಿನ ಗೇಟಿನ ಹೊರಗೆ ಹಡಗಿನ ಪ್ರವಾಸಿಗಳನ್ನು ಕರೆಯಲು ಹಲಗೆ ಹಿಡಿದು ನಿಲ್ಲುವವರಲ್ಲಿ ತಿಲ್ಡಾಳದಷ್ಟು ಚಿಕ್ಕ ಹಲಗೆ ಇನ್ನಾರದೂ ಇರಲಿಲ್ಲ. ಉಳಿದವರ ಹಲಗೆಗಳಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ಮರದ ಕೆಳಗೆ ಒರಗಿದ ತೆಳ್ಳನೆಯ ಹೆಂಗಸರು. ಇವಳದರಲ್ಲಿ ಬರೀ ಅಕ್ಷರ: ‘ಮರಳು ಬೇಡವಾದವರಿಗೆ ಊರು.’ ಕೋಟೆ, ಸುರಂಗ, ಸಂತೆ, ಜಾಯಿಕಾಯಿ ಒಡೆಯುವ ಮನೆ, ಬಿರುಗಾಳಿಗೆ ಮಾಡು ಹಾರಿಹೋದ ಇಗರ್ಜಿ, ಎಲ್ಲ ಸೇರಿ ಮೂರು ತಾಸಿನ ನಡಿಗೆ. ಹಡಗಿನಿಂದ ಮೂರು ಸಾವಿರ ಜನ ಇಳಿದರೆ ಅವಳ ಪಾಲಿಗೆ ಬರುವವರು ನಾಲ್ಕೋ ಐದೋ. ಬಿಸಿಲು ಆಗದವರು, ಈಜು ಬಾರದವರು, ಗಂಡನ ಜೊತೆ ಮುನಿಸಿಕೊಂಡು ಒಬ್ಬರೇ ಇಳಿದವರು.

“ತಿಲ್ಡಕ್ಕನ ಗಿರಾಕಿಗಳನ್ನ ನೋಡಿದ್ರೆ ಈಗಷ್ಟೇ ಆಸ್ಪತ್ರೆಯಿಂದ ಬಿಟ್ಟಿರೋ ಹಾಗಿರ್ತಾರೆ,” ಎಂದು ಬೀಚಿನ ವ್ಯಾನಿನವರು ಆಡಿಕೊಳ್ಳುತ್ತಿದ್ದರು.

“ಬಿಟ್ಟಿರ್ಲಿ, ಕಟ್ಟಿರ್ಲಿ, ನನ್ನ ಗಿರಾಕಿ ಒಬ್ಬರೂ ಹಡಗು ತಪ್ಪಿಸ್ಕೊಂಡಿಲ್ಲ ಕಣ್ರೋ,” ಎನ್ನುತ್ತಿದ್ದಳು ಅವಳು.

ಅದು ಸುಳ್ಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಇಲ್ಲ. ಬಂದರಿನಲ್ಲಿ ಅವಳಿಗೆ ಹೆಸರಿದ್ದರೆ ಅದಕ್ಕೇ ಇತ್ತು. ಹಡಗಿಗೆ ಅದರದೇ ಒಂದು ಗಡಿಯಾರ. ಬೇಸಿಗೆಯೆಲ್ಲ ಅದು ದ್ವೀಪದ ಗಡಿಯಾರದ ಜೊತೆಗೇ ಓಡುತ್ತದೆ. ಹಡಗು ಹೊರಡುವ ಉತ್ತರದ ನಾಡಿನವರು ಚಳಿಗಾಲ ಬಂತೆಂದು ತಮ್ಮ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ ದಿನದಿಂದ ಹಡಗಿನದೂ ದ್ವೀಪಕ್ಕಿಂತ ಒಂದು ತಾಸು ಹಿಂದೆ ಬೀಳುತ್ತದೆ. ಹೊಸ ಚಾಲಕರು ವರ್ಷವರ್ಷವೂ ಇದನ್ನು ಮರೆತು ಜನರನ್ನು ಹೊತ್ತಲ್ಲದ ಹೊತ್ತಿಗೆ ತಂದು ಸುರಿಯುತ್ತಿದ್ದರು. ತಿಲ್ಡಾ ಅವರಿಗೆ ಮುಖಕ್ಕೆ ಮಂಗಳಾರತಿ ಮಾಡಿ ಕಲಿಸುತ್ತಿದ್ದಳು.

ಆ ಭಾನುವಾರ ಅವಳ ಕೈಯಲ್ಲಿ ಹಲಗೆ ಇರಲಿಲ್ಲ. ಬರುವವಳು ಗಿರಾಕಿಯಲ್ಲ, ತಂಗಿ ವರ್ಲಿನ್. ಐವತ್ತಾರು ವರ್ಷದ ಹಿಂದೆ ಇದೇ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋದಾಗ ಅವಳಿಗೆ ಏಳು ವರ್ಷ, ತಿಲ್ಡಾಳಿಗೆ ಹನ್ನೊಂದು. ಅಲ್ಲಿ ಕೆಲಸಕ್ಕೆ ಹೋಗಿದ್ದ ತಾಯಿ, ಮಕ್ಕಳನ್ನು ಸಾಕುತ್ತಿದ್ದ ಅಜ್ಜಿ ಮಾ ಜೋಸಿಗೆ ಬರೆದಿದ್ದಳು: ಚಿಕ್ಕವಳನ್ನು ಈಗ ಕಳಿಸು, ದೊಡ್ಡವಳನ್ನು ಮುಂದಿನ ವರ್ಷ ಕರೆಸಿಕೊಳ್ಳುತ್ತೇನೆ. ಮುಂದಿನ ವರ್ಷ ತಾಯಿಗೆ ಹೊಸ ಗಂಡ ಬಂದ, ಆಮೇಲೆ ಹೊಸ ಮಕ್ಕಳು. ತಿಲ್ಡಾಳ ಸರದಿ ಬರಲೇ ಇಲ್ಲ. ಮಾ ಜೋಸಿ ತೀರಿಕೊಂಡಾಗಲೂ ಆ ಕಡೆಯಿಂದ ಯಾರೂ ಬರಲಿಲ್ಲ. ಈಚಿನ ವರ್ಷಗಳಲ್ಲಿ ಅಕ್ಕತಂಗಿಯರು ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತೆಂದರೆ ಅವಳ ಮಂಡಿನೋವು, ಇವಳ ಊರಿನ ಸೆಖೆ. ಅದರಾಚೆ ಇಬ್ಬರ ಬಾಯಿಗೂ ಬೀಗ.

ವರ್ಲಿನ್ ಗಂಡನನ್ನು ಕಳೆದುಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿಲ್ಲ. ತಿಲ್ಡಾ ಮದುವೆಯೇ ಆಗಿರಲಿಲ್ಲ. ಚರ್ಚಿನ ಹೆಂಗಸರ ಜೊತೆ ಹಡಗಿನಲ್ಲಿ ಬರುತ್ತಿದ್ದೇನೆ, ನಿಮ್ಮೂರಲ್ಲಿ ಒಂದು ದಿನ ನಿಲ್ಲುತ್ತದೆ ಎಂದು ವರ್ಲಿನ್ ಹೇಳಿದಾಗ ‘ನಿಮ್ಮೂರು’ ಎಂಬ ಮಾತು ತಿಲ್ಡಾಳಿಗೆ ಚುಚ್ಚಿತ್ತು. ಆದರೂ ಮಾರನೆಯ ದಿನವೇ ಅವಳು ಹಿಂದಿನ ಕೋಣೆಗೆ ಬಣ್ಣ ಹೊಡೆಸಿದಳು. ಹೊಸ ಹಾಸಿಗೆ ತಂದಳು, ಕಿಟಕಿಗೆ ಹಳದಿ ಪರದೆ ಹೊಲಿದಳು. ಬಂದವಳನ್ನು ಒಂದೇ ಒಂದು ಮಾತು ಕೇಳಬೇಕಿತ್ತು: ಇಲ್ಲೇ ಇದ್ದುಬಿಡ್ತೀಯಾ? ಫೋನಿನಲ್ಲಿ ಕೇಳುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ. ಹಡಗು ಬರುವ ಆ ಭಾನುವಾರವೇ ಸತ್ತವರ ದಿನ. ಸೂರ್ಯ ಮುಳುಗುವ ಹೊತ್ತಿಗೆ ಊರಿಗೆ ಊರೇ ಸ್ಮಶಾನದ ಗುಡ್ಡ ಹತ್ತಿ ತಮ್ಮ ತಮ್ಮವರ ಗೋರಿಯ ಮೇಲೆ ಮೇಣದಬತ್ತಿ ಹಚ್ಚುತ್ತದೆ. ಅಜ್ಜಿಯ ಗೋರಿಯ ಮೇಲೆ ಬತ್ತಿ ಉರಿಯುವಾಗ ಕೇಳಿಬಿಡುವುದು, ಅಜ್ಜಿಯ ಎದುರು ವರ್ಲಿನ್ ಸುಲಭಕ್ಕೆ ಇಲ್ಲವೆನ್ನಲಾರಳು ಎಂದು ಲೆಕ್ಕ ಹಾಕಿದ್ದಳು.

ಎಂಟಕ್ಕೆ ತೆರೆಯಬೇಕಾದ ಗೇಟು ಒಂಬತ್ತರ ತನಕ ತೆರೆಯಲಿಲ್ಲ. ಗೇಟಿನವರ ಸೋಮಾರಿತನಕ್ಕೆ ತಿಲ್ಡಾ ಮನಸಾರೆ ಬೈದಳು. ಕೊನೆಗೆ ಬಿಳಿ ಟೋಪಿಯ ಒಬ್ಬ ದಪ್ಪ ಹೆಂಗಸು ಕೋಲೂರಿಕೊಂಡು ಹೊರಗೆ ಬಂದಳು. ನಡಿಗೆ ಮಾತ್ರ ಥೇಟ್ ಮಾ ಜೋಸಿಯದು.

“ತಿಲ್ಡಾ?”

“ಮತ್ತಿನ್ಯಾರು, ರಾಣಿಯಮ್ಮ ಬರ್ತಾಳಾ ನಿನ್ನ ಕರ್ಕೊಂಡು ಹೋಗೋಕೆ?”

ಇಬ್ಬರೂ ತಬ್ಬಿಕೊಂಡರು. 

“ನಂಗಂತೂ ಇಲ್ಲಿ ಒಂದೂ ನೆನಪಿಲ್ಲ,” ಎಂದಳು ವರ್ಲಿನ್. “ನಿನ್ನ ಗಿರಾಕಿಗಳನ್ನ ಹೇಗೆ ಸುತ್ತಿಸ್ತೀಯೋ ನನ್ನೂ ಹಾಗೇ ಸುತ್ತಿಸು. ಫೋನು ಬಂದ್ ಮಾಡಿ ಪೆಟ್ಟಿಗೇಲಿ ಇಟ್ಟು ಬಂದಿದ್ದೀನಿ, ಗಡಿಯಾರ ಕಟ್ಟೋ ಅಭ್ಯಾಸ ಇಲ್ಲ. ಐದಕ್ಕೆ ಒಳಗಿರ್ಬೇಕಂತೆ. ಹೊತ್ತು ನೀನೇ ನೋಡ್ಕೋ.”

“ಅದನ್ನ ನಂಗೆ ಬಿಡು. ಇಪ್ಪತ್ತೆರಡು ವರ್ಷದಲ್ಲಿ ಗಂಟೆ ವಿಷಯದಲ್ಲಿ ನಾನು ಒಂದ್ಸಲಾನೂ ತಪ್ಪಿಲ್ಲ,” ಎಂದಳು ತಿಲ್ಡಾ. ಸ್ವಲ್ಪ ಜಂಬದಿಂದಲೇ ಎಂದಳು.

ಲೆಸ್ಟನ್‌ನ ಕಾರು ಕಾದಿತ್ತು. ಅವನು ಐದಾರು ವರ್ಷದಿಂದ ತಿಲ್ಡಾಳ ಗಿರಾಕಿಗಳಿಗೆ ಕಾರು ಓಡಿಸುವವನು, ಕೆಲಸ ಕಲಿತದ್ದೂ ಅವಳಿಂದಲೇ. ಕಾರಿನಲ್ಲಿ ಕೂತ ತಿಲ್ಡಾ ಸ್ವಂತ ತಂಗಿಗೆ ಪಾಠ ಒಪ್ಪಿಸಿದಳು: ಈ ಸುರಂಗ ತೋಡಿದ್ದು ಇಂಥ ವರ್ಷ, ಈ ಕೋಟೆಯ ಗೋಡೆ ಇಷ್ಟು ದಪ್ಪ. ವರ್ಲಿನ್ “ಹೌದಾ?” ಎಂದಳು, “ಓಹೋ” ಎಂದಳು. ಗಿರಾಕಿಗಳು ಅನ್ನುವುದೂ ಅಷ್ಟನ್ನೇ.  ಜಾಯಿಕಾಯಿ ಒಡೆಯುವ ಮನೆಯಲ್ಲಿ ಮಾತ್ರ ವರ್ಲಿನ್ ಗಕ್ಕನೆ ನಿಂತಳು. ಕೆಂಪು ಜಾಪತ್ರೆ ಹರಡಿದ್ದ ತಟ್ಟೆಗೆ ಬಗ್ಗಿ ಮೂಸಿದಳು. ಮುಖ ಏಳು ವರ್ಷದ ಹುಡುಗಿಯದಾಯಿತು.

“ಮಾ ಜೋಸಿ ಬಟ್ಟೇಲಿ ಇದೇ ವಾಸನೆ ಇರ್ತಿತ್ತು.”

“ಇರ್ದೆ ಏನು? ಮೂವತ್ತು ವರ್ಷ ಇದೇ ಬೆಂಚಲ್ಲಿ ಕೂತು ಕಾಯಿ ಆರಿಸಿದೋಳು.”

ಆಗಲೇ ಕೇಳಿಬಿಡಬೇಕೆನ್ನಿಸಿತು. ಆದರೆ ಹಿಂದೆ ಬೇರೆ ಹಡಗುಜನ ಸಾಲುಗಟ್ಟಿದ್ದರು. ಸಂಜೆಗಿರಲಿ ಎಂದುಕೊಂಡಳು.

ಮಧ್ಯಾಹ್ನ ಮನೆಯಲ್ಲಿ ಆಯಿಲ್ ಡೌನ್. ಜೀಗುಜ್ಜೆ, ಉಪ್ಪಿಟ್ಟ ಮಾಂಸ, ಕೆಸುವಿನೆಲೆಗಳನ್ನು ಪದರ ಪದರವಾಗಿ ಜೋಡಿಸಿ, ಅರಿಸಿನ ಬೆರೆಸಿದ ತೆಂಗಿನ ಹಾಲು ಹುಯ್ದು, ಸೌಟು ತಾಗಿಸದೆ ಹಾಲೆಲ್ಲ ಇಂಗುವ ತನಕ ಬೇಯಿಸಿದ್ದಳು. ಬೆಳಗಿನ ನಾಲ್ಕಕ್ಕೇ ಎದ್ದು ಒಲೆ ಹೊತ್ತಿಸಿದ್ದಳು. ವರ್ಲಿನ್ ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದಳು.

“ಬೇಜಾರು ಮಾಡ್ಕೋಬೇಡ. ಡಾಕ್ಟ್ರು ಉಪ್ಪು ಮುಟ್ಟಬೇಡ ಅಂದಿದ್ದಾರೆ.”

ಕೈ ತೊಳೆಯಲು ಹೋದವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹಳದಿ ಪರದೆ ಮುಟ್ಟಿ ನೋಡಿದಳು. “ಚೆನ್ನಾಗಿ ಮಾಡಿಸಿದ್ದೀಯ. ಬಾಡಿಗೆಗೆ ಯಾರಾದ್ರೂ ಬರ್ತಿದ್ದಾರಾ?”

“ಹೂಂ,” ಎಂದಳು ತಿಲ್ಡಾ. “ನೋಡ್ಬೇಕು.”

ತನ್ನ ನಾಲಿಗೆಗೆ ಏನಾಗಿದೆಯೆಂದು ಅವಳಿಗೇ ಸಿಟ್ಟು ಬಂತು. ಆದರೂ ಸಂಜೆ ಇನ್ನೂ ಉಳಿದಿತ್ತು.

ಐದಕ್ಕೆ ಹಡಗಿನಲ್ಲಿರಬೇಕಾದ್ದರಿಂದ ಸೂರ್ಯ ಮುಳುಗುವುದಕ್ಕೆ ಕಾಯದೆ ನಾಲ್ಕಕ್ಕೇ ಗುಡ್ಡ ಹತ್ತಿದರು. ಬಂದರಿನ ನೆತ್ತಿಯ ಮೇಲೇ ಇರುವ ಸ್ಮಶಾನ ಅದು. ಕೆಳಗೆ ಹಡಗು ಊರಿಗಿಂತ ಎತ್ತರಕ್ಕೆ ನಿಂತಿತ್ತು. ಗೋರಿಗಳ ನಡುವಿನ ಹುಲ್ಲು ಸವರಿದ್ದರು, ಸುಣ್ಣ ಹೊಡೆದಿದ್ದರು, ಆದರೆ ಜನರ ಸುಳಿವಿಲ್ಲ. ಇಷ್ಟು ಬಿಸಿಲಲ್ಲಿ ಯಾರು ತಾನೇ ಬತ್ತಿ ಹಚ್ಚುತ್ತಾರೆ? ಮಾ ಜೋಸಿಯ ಗೋರಿಗೆ ಹೋದ ವಾರ ತಿಲ್ಡಾಳೇ ಸುಣ್ಣ ಬಳಿದಿದ್ದಳು. ಚೀಲದಿಂದ ಎರಡು ಮೇಣದಬತ್ತಿ ತೆಗೆದಳು. ಕಡ್ಡಿ ಗೀರಿದರೆ ಸಮುದ್ರದ ಗಾಳಿ ಬಂದು ಆರಿಸಿತು. ವರ್ಲಿನ್ ಟೋಪಿ ಅಡ್ಡ ಹಿಡಿದಳು. ಮತ್ತೆ ಆರಿತು. ಮೂರನೆಯ ಸಲವೂ ಆರಿತು.

“ಮಾ ಜೋಸಿ ಒಳಗೆ ನಗ್ತಿರ್ತಾಳೆ,” ಎಂದಳು ವರ್ಲಿನ್. ಗೋರಿಯ ಅಂಚಿನಲ್ಲಿ ಕೂತು ಕೋಲನ್ನು ಪಕ್ಕಕ್ಕಿಟ್ಟಳು. “ಇಲ್ಲೇ ಕೂತಿರೋಣ ಕಣೆ. ಗಾಳಿ ನಿಲ್ಲಲಿ, ಕತ್ತಲಾಗಲಿ. ಎಲ್ಲರ ಜೊತೆ ಹಚ್ಚೋಣ.”

“ಆಗಲ್ಲ. ಈಗ್ಲೇ ನಾಲ್ಕೂ ಇಪ್ಪತ್ತು. ಗೇಟು ಹತ್ರ ಆಗೋ ನೂಕುನುಗ್ಗಲು ನಿಂಗೆ ಗೊತ್ತಿಲ್ಲ.”

ವರ್ಲಿನ್ ಏಳಲಿಲ್ಲ. ಬೆಳಗಿನಿಂದ ಹೆಸರು ಹಿಡಿದೇ ಕರೆಯುತ್ತಿದ್ದವಳು ಇದ್ದಕ್ಕಿದ್ದಂತೆ, “ಅಕ್ಕಾ,” ಎಂದಳು. “ಅವತ್ತು ನಾನು ಹೋದಾಗ ನಿಂಗೆ ನನ್ನ ಮೇಲೆ ಸಿಟ್ಟು ಬಂದಿತ್ತಾ?”

 ತಿಲ್ಡಾ ಐವತ್ತಾರು ವರ್ಷ ಕಾದಿದ್ದ ಮಾತು ಅದು. ಅದಕ್ಕೆ ಉತ್ತರ ಹೇಳಲು ಒಂದು ನಿಮಿಷ ಸಾಲದು, ಅರ್ಧ ತಾಸಾದರೂ ಬೇಕು. ಬಂದಿತ್ತು ಎನ್ನಬೇಕು. ಎಷ್ಟು ವರ್ಷ ಇತ್ತು, ಯಾವಾಗ ಹೋಯಿತು ಎನ್ನಬೇಕು. ಆಮೇಲೆ ಹಳದಿ ಪರದೆಯ ಕೋಣೆಯ ಮಾತಿಗೆ ಬರಬೇಕು. ಅವಳ ಕೈಗಡಿಯಾರದ ಮುಳ್ಳು ನಾಲ್ಕೂ ಇಪ್ಪತ್ತೈದಕ್ಕೆ ಬಂದಿತ್ತು.

“ದಾರೀಲಿ ಮಾತಾಡೋಣ, ಏಳು,” ಎಂದಳು.

ದಾರಿಯಲ್ಲಿ ಲೆಸ್ಟನ್ ಇದ್ದ. ಅವನ ಕಿವಿಗಳಿದ್ದವು. ಆ ಮಾತು ಗುಡ್ಡದಲ್ಲೇ ಉಳಿಯಿತು.

ಗೇಟಿನ ಮುಂದೆ ಇಳಿದಾಗ ಐದಕ್ಕೆ ಹದಿನೈದು ನಿಮಿಷ. ನೂಕುನುಗ್ಗಲು ಇರಲಿಲ್ಲ. ಅದನ್ನಾದರೂ ತಿಲ್ಡಾ ಗಮನಿಸಬೇಕಿತ್ತು. ಅವಳು ತಂಗಿಯ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

“ನನ್ನ ಸಾಗಹಾಕೋಕೆ ನಿಂಗೆ ಎಷ್ಟೊಂದು ಅವಸರ!” ಎಂದು ವರ್ಲಿನ್ ನಕ್ಕಳು. ಬಾಯಿ ಮಾತ್ರ ನಕ್ಕಿತು. ಕೋಲೂರಿಕೊಂಡು ಒಳಗೆ ಹೋದಳು. ತಿರುವಿನಲ್ಲಿ ಒಮ್ಮೆ ಕೈ ಎತ್ತಿದಳು.

ತಿಲ್ಡಾ ಕಾರಿಗೆ ಮರಳಿ ಬಾಗಿಲು ಎಳೆದುಕೊಂಡಳು. ಲೆಸ್ಟನ್ ಕಾರು ಹೊರಡಿಸಲಿಲ್ಲ. ಎದುರಿನ ಅಂಗಡಿಯ ಜಗುಲಿಯಲ್ಲಿ ಹತ್ತಿಪ್ಪತ್ತು ಹಡಗುಜನ ಕಾಲು ಚಾಚಿ ಬಿಯರ್ ಕುಡಿಯುತ್ತಿದ್ದರು.

“ಈ ಜನಕ್ಕೆ ಹಡಗು ಹತ್ತೋ ಯೋಚ್ನೆಯೇ ಇಲ್ವೇನೋ?” ಎಂದಳು ತಿಲ್ಡಾ.

“ಇನ್ನೂ ಒಂದು ಗಂಟೆ ಇದೆಯಲ್ಲಕ್ಕ. ನಿನ್ನೆ ರಾತ್ರಿ ಉತ್ತರದೋರು ಮುಳ್ಳು ತಿರುಗಿಸಿದ್ರು. ಹಡಗಿನ ಐದು ಅಂದ್ರೆ ಇವತ್ತಿಂದ ನಮ್ಮ ಆರು.” ಲೆಸ್ಟನ್ ಕನ್ನಡಿಯಲ್ಲಿ ಅವಳನ್ನು ನೋಡಿದ. “ನೀವೇ ಹೇಳಿಕೊಟ್ಟಿದ್ದು.”

 ಬೆಳಿಗ್ಗೆ ಒಂದು ತಾಸು ತಡವಾಗಿ ತೆರೆದ ಗೇಟು ತಿಲ್ಡಾಳ ಕಣ್ಣೆದುರು ಬಂತು.

“ಹೇಳೋದಲ್ವೇನೋ ಮುಂಚೆ!”

“ನಿಮಗೆ ನಾನು ಗಂಟೆ ಹೇಳೋದಾ? ನೀವು ಬೇಕಂತಲೇ ಬೇಗ ಕಳಿಸ್ತಿದ್ದೀರಿ ಅಂದ್ಕೊಂಡೆ. ಅಕ್ಕತಂಗಿ ಮಧ್ಯೆ ಏನಿದ್ಯೋ ಏನೋ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ.”

ಲೆಸ್ಟನ್‌ನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಿಲ್ಡಾ ಹೆದರಿದ್ದು ಅದಕ್ಕೇ. ಐದಾರು ವರ್ಷ ಜೊತೆಗಿದ್ದ ಇವನೇ ಹಾಗೆಂದುಕೊಂಡ ಮೇಲೆ ವರ್ಲಿನ್ ಇನ್ನೇನು ಅಂದುಕೊಂಡಾಳು? ಹಡಗಿನ ಒಳಗೆ ಗೋಡೆ ಗೋಡೆಗೂ ಗಡಿಯಾರ. ಇಷ್ಟು ಹೊತ್ತಿಗೆ ನೋಡಿಯೇ ಇರುತ್ತಾಳೆ. ಅಕ್ಕ ಮರೆತಿದ್ದಾಳೆ ಎಂದು ಅವಳು ನಂಬುವುದಾದರೂ ಹೇಗೆ? ಗಂಟೆ ವಿಷಯದಲ್ಲಿ ಒಂದು ಸಲವೂ ತಪ್ಪಿಲ್ಲ ಎಂದು ಬೆಳಿಗ್ಗೆ ಜಂಬ ಕೊಚ್ಚಿದ್ದು ಇದೇ ಬಾಯಿ. ಸಿಟ್ಟು ಬಂದಿತ್ತಾ ಎಂದು ಕೇಳಿದ್ದಳು. ಉತ್ತರ ಸಿಕ್ಕಿತು ಎಂದುಕೊಂಡಿರುತ್ತಾಳೆ.

ಗೇಟಿಗೆ ಓಡಿದಳು. ಅರವತ್ತೇಳರ ಕಾಲು ಎಷ್ಟು ಓಡುತ್ತದೋ ಅಷ್ಟು.

“ತಿಲ್ಡಕ್ಕ, ಹಡಗಿನ ಕಾರ್ಡಿಲ್ದೆ ಬಿಡೋ ಹಾಗಿಲ್ಲ, ನಿಮಗೇ ಗೊತ್ತಲ್ಲ,” ಎಂದ ಕಾವಲುಗಾರ.

“ನನ್ನ ತಂಗಿ ಕಣಪ್ಪ ಒಳಗಿರೋದು. ಒಂದ್ಮಾತು ಹೇಳಿ ಕಳಿಸೋಕಾಗಲ್ವಾ?”

“ಮೂರು ಸಾವಿರ ಜನದಲ್ಲಿ ಎಲ್ಲಿ ಅಂತ ಹುಡುಕಿಸ್ಲಿ? ಫೋನ್ ಮಾಡಿ ನೋಡಿ.”

ಮಾಡಿದಳು. ಬಂದ್ ಆಗಿರುವ ಫೋನು ಏನು ಹೇಳುತ್ತದೋ ಅದನ್ನೇ ಹೇಳಿತು. ಕಬ್ಬಿಣದ ಸರಳು ಹಿಡಿದು ಬಹಳ ಹೊತ್ತು ನಿಂತಳು. ಬಿಳಿ ಟೋಪಿಯ ಹೆಂಗಸರು ಎಷ್ಟೋ ಮಂದಿ ಒಳಗೆ ಹೋದರು. ಹೊರಗೆ ಬಂದವರು ಯಾರೂ ಇಲ್ಲ.

ಗುಡ್ಡಕ್ಕೆ ಅವಳು ನಡೆದೇ ಹೋದಳು. ಸೂರ್ಯ ಆಗಷ್ಟೇ ಮುಳುಗಿದ್ದ. ಈಗ ಅಲ್ಲಿ ಜನವೋ ಜನ. ಮಕ್ಕಳು ಗೋರಿಗಳ ನಡುವೆ ಓಡುತ್ತಿದ್ದರು, ಯಾರೋ ಹುರಿದ ಜೋಳ ಮಾರುತ್ತಿದ್ದರು, ಸಾಲು ಸಾಲು ಮೇಣದಬತ್ತಿ ಹತ್ತಿಕೊಳ್ಳುತ್ತಿದ್ದವು. ಮಾ ಜೋಸಿಯ ಪಕ್ಕದಲ್ಲೇ ಗೆಳತಿ ಎನಿಡ್‌ಳ ಗಂಡನ ಗೋರಿ. ತಂಗಿ ಬರುವ ಸುದ್ದಿಯನ್ನು ತಿಂಗಳಿಂದ ತಿಲ್ಡಾಳ ಬಾಯಿಂದ ಕೇಳಿ ಕೇಳಿ ಸುಸ್ತಾಗಿದ್ದವಳು ಈ ಎನಿಡ್.

“ಎಲ್ಲೇ ನಿನ್ನ ಇಂಗ್ಲೆಂಡ್ ರಾಣಿ? ತೋರಿಸ್ತೀನಿ ಅಂದಿದ್ಯಲ್ಲ?”

“ಹೋದ್ಲು,” ಎಂದಳು ತಿಲ್ಡಾ. “ಹಡಗು ಹೊರಟುಹೋಯ್ತು.”

ಎನಿಡ್ ಕೆಳಗೆ ನೋಡಿದಳು. ಮೂರು ಸಾವಿರ ಕಿಟಕಿಯ ದೀಪ ಹೊತ್ತಿಸಿಕೊಂಡು ಹಡಗು ಅಲ್ಲೇ ನಿಂತಿತ್ತು. ಅವಳು ತನ್ನ ಬೆಂಕಿಪೆಟ್ಟಿಗೆಯನ್ನು ತಿಲ್ಡಾಳ ಕೈಗಿಟ್ಟಳು.

ಗಾಳಿ ನಿಂತಿತ್ತು. ಎರಡು ಬತ್ತಿಗಳೂ ಮೊದಲ ಕಡ್ಡಿಗೇ ಹತ್ತಿಕೊಂಡು ನೆಟ್ಟಗೆ ಉರಿದವು.