ಎಂಟು ಮೂರು, ಕಡೀಕೊಂದು ಒಂದು

ಗೋಪಿಕಾಬಾಯಿ ಲೆಕ್ಕ ತಪ್ಪಿದ್ದನ್ನ ಹಾನಗಲ್ಲಿನ ಒಂದು ನರಪಿಳ್ಳೆನೂ ನೋಡಿರಲಿಲ್ಲ. ಮೂವತ್ತೆಂಟು ವರ್ಷ ಹೈಸ್ಕೂಲಿನಾಗ ಗಣಿತ ಕಲಿಸಿದ ಬಾಯಾರು! ಹಂಗಾಗಿ ಗಣಿತ ಸ್ಪರ್ಧೆಗೆ ಪ್ರಶ್ನಿ ತಗೆಯೋರೂ ಅವರ, ತೀರ್ಪು ಕೊಡೋರೂ ಅವರ.

ಕಡೇ ಪ್ರಶ್ನಿ. ಹಾನಗಲ್ಲಿನ ಆಕಾಶ, ಹುಲಗೂರಿನ ಐಶ್ವರ್ಯ, ಇಬ್ಬರದೂ ಸರಿಸಮ ಅಂಕ. ಗೆದ್ದೋರು ರಾಜ್ಯಮಟ್ಟಕ್ಕ, ಸೋತೋರು ಮನಿಗೆ. ಬೋರ್ಡಿನ ಮ್ಯಾಲ 333333331. ಯಾವುದರಿಂದಲೂ ಒಡೀದಂಥಾ ಅವಿಭಾಜ್ಯವೋ, ಒಡಿಯೋ ಸಂಯುಕ್ತವೋ?

"ಅವಿಭಾಜ್ಯ!" ಆಕಾಶ ಗಂಟಿ ಒತ್ತಿದ. ಬಾಯಾರ ಟ್ಯೂಶನ್ನಿನ ಹುಡುಗ ಅಂವ. ಬಾಯಾರು ನಕ್ಕೋತ "ಸರಿ" ಅಂದರು.

"ನಾ ಒಪ್ಪೂದಿಲ್ರೀ. ಸಂಯುಕ್ತ," ಅಂದ್ಲು ಐಶ್ವರ್ಯ.

ಬಾಯಾರಿಗೆ ಸಿಟ್ಟು ಮೂಗಿನ ತುದೀಲೇ. "ಏನವಾ, ನನಗ ಕಲಿಸ್ಲಿಕ್ಕೆ ಬಂದೀಯೇನು? 31, 331, 3331, ಮೂರು ಹಚ್ಚಿಕೋತ ಹೋಗು, ಏಳಕ್ಕ ಏಳೂ ಅವಿಭಾಜ್ಯ. ಅನ್ನ ಬೆಂದದ್ದು ತಿಳೀಲಿಕ್ಕೆ ಒಂದಗಳು ಸಾಕು, ನಾ ಏಳು ಹಿಚುಕೀನಿ!"

"ಎಂಟನೇದು ಹಿಚುಕೀರೇನ್ರೀ?"

ಹಿಚುಕಿರಲಿಲ್ಲ. ಖರೆ ಹೇಳಬೇಕಂದ್ರ, ಹಿಚುಕಬೇಕಂತ ಅವರಿಗೆ ಅನಿಸಿರಲೇ ಇಲ್ಲ. "ಮೂರು ನಿಮಿಷ ಕೊಟ್ಟೀನಿ. ಬೋರ್ಡಿನ ಮ್ಯಾಲ ಭಾಗಿಸಿ ತೋರಸು. ಇಲ್ಲಾಂದ್ರ ಬಾಯಿ ಮುಚ್ಚಿ ಕುಂಡ್ರು."

ಸ್ಪರ್ಧೆದ ಟೈಮ್ ನೋಡೋ ಫಾರೂಕ ಮಾಸ್ತರು ಗಡಿಯಾರ ಹಿಡಿದರು. ಐಶ್ವರ್ಯ ಏಳರಿಂದ ಭಾಗಿಸಿದ್ಲು, ಎರಡು ಉಳೀತು. ಹನ್ನೊಂದರಿಂದ ಭಾಗಿಸಿದ್ಲು, ಒಂದು ಉಳೀತು. ಯಾರೋ ಕಿಸಕ್ಕನ ನಕ್ಕರು. ಹುಡುಗಿ ಒರಸಿ ಹದಿಮೂರು ಹಿಡಿದ್ಲು.

ಇತ್ತ ಬಾಯಾರೂ ಸುಮ್ಮನ ಕುಂತಿರಲಿಲ್ಲ. ಪ್ರಶ್ನಿ ಹಾಳಿ ಹಿಂದ ಅವರ ಪೆನ್ನು ಹುಡುಗಿಗಿಂತ ಮುಂದ ಓಡಿತ್ತು. ಹದಿನೇಳು. ಶೇಷ ಸೊನ್ನೆ. ಮತ್ತೊಮ್ಮೆ ಭಾಗಿಸಿದರು. ಸೊನ್ನೆನ.

"ಟೈಮ್ ಮುಗೀತ್ರೀ," ಅಂದರು ಮಾಸ್ತರು. ಹದಿಮೂರಕ್ಕ ಆರು ಉಳಿದಿತ್ತು. ಐಶ್ವರ್ಯ ಬೋರ್ಡಿಗೆ ಬರಿಯೋ ಖಡು ಕೆಳಗಿಟ್ಟು, ಅಳು ನುಂಗಿ, "ಸೋತೇನ್ರೀ ಬಾಯಾರ," ಅಂದ್ಲು.

ಹಾಳಿ ಮಡಚಿದ್ರ ಮುಗೀತು, ಯಾರಿಗೂ ಗೊತ್ತಾಗೂದಿಲ್ಲ. ಬಾಯಾರು ಮಡಚಿದರು ಸುದ್ದಾ. ಅಯ್ಯ ಗುರುರಾಯರ, ಈ ವಯಸ್ಸಿನಾಗ ನನಗೆಂಥಾ ಪರೀಕ್ಷಾ ಇಟ್ರಿ! ಹುಡುಗಿ ಆಗಲೇ ಬೆಂಚಿನ ಕಡೆ ತಿರುಗಿದ್ಲು.

"ನಿಂದ್ರವಾ," ಅಂದರು ಬಾಯಾರು. "ಹದಿನೇಳರಿಂದ ಭಾಗಿಸು."

"ಟೈಮ್ ಆಗೇತಲ್ರೀ ಬಾಯಾರ?"

"ತಪ್ಪು ಹುಡುಗೀದಲ್ಲ ಮಾಸ್ತರ, ನಂದದ."

ಖಡು ಕರಕರ ಓಡ್ತು. 19607843, ಶೇಷ ಏನೂ ಇಲ್ಲ. ಹುಲಗೂರಿನವರು ಹೋ ಅಂತ ಎದ್ದು ಕುಣಿದರು. ಐಶ್ವರ್ಯ ಮಾತ್ರ ತನ್ನ ಸೊನ್ನೆನ ಮಿಕಿಮಿಕಿ ನೋಡ್ಕೋತ ನಿಂತಿದ್ಲು.

ಗದ್ದಲ ಇಳಿದ ಮ್ಯಾಲ ಆಕಾಶ ಬಾಯಾರ ಮೇಜಿನ ಹಂತ್ಯಾಕ ಬಂದ. ಕಣ್ಣು ತುಂಬಿದ್ದವು.

"ಬಾಯಾರ, ಮೂರು ಎಷ್ಟ ಹಚ್ಚಿದ್ರೂ ಅವಿಭಾಜ್ಯನ ಅಂತ ನೀವ ಕಲಿಸಿದ್ರಿ. ನಾ ಒಮ್ಮೆ ಕೇಳಿದ್ದೆ, ಭಾಗಿಸಿ ನೋಡೋಣೇನ್ರೀ ಅಂತ. ಬೈದು ಕುಂಡ್ರಿಸಿದ್ರಿ."

ಗೋಪಿಕಾಬಾಯಿಗೆ ಅದು ನೆನಪೂ ಇರಲಿಲ್ಲ.